ಹುಣಸೆಹುಳಿಯಲ್ಲಿ ತೊಳೆದ ವರ್ಷ

ನನ್ನ ಹೆಂಡತಿ ದಿನಗಳನ್ನು ಎಣಿಸುತ್ತಿದ್ದಳು. ಇಷ್ಟನ್ನೇ ಬರೆದು ಬಿಟ್ಟರೆ ಅವಳು ಸೆರೆಮನೆಯಲ್ಲೋ ಆಸ್ಪತ್ರೆಯಲ್ಲೋ ಇದ್ದಳೆಂಬ ಅರ್ಥ ಬಂದೀತು. ಆದ್ದರಿಂದ ಬಿಡಿಸಿ ಹೇಳುತ್ತೇನೆ. ದೆಹಲಿಯ ಒಂದು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಅವಳು ತಾತ್ಕಾಲಿಕ ಉಪನ್ಯಾಸಕಿಯಾಗಿದ್ದಳು. ಸುಮಾರು ನಲವತ್ತು ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಬದುಕಿ, ಸತ್ತು, ಕಲ್ಲಾಗಿ ಉಳಿದ ಒಂದು ಹವಳದ ಮೈಮೇಲಿನ ಗೆರೆಗಳನ್ನು ಎಣಿಸಿ, ಆ ಕಾಲದಲ್ಲಿ ಒಂದು ವರ್ಷಕ್ಕೆ ಎಷ್ಟು ದಿನಗಳಿದ್ದವೆಂದು ತಿಳಿಯುವುದು ಅವಳ ಪ್ರಬಂಧದ ಮುಖ್ಯ ಭಾಗವಾಗಿತ್ತು. ಪ್ರಬಂಧ ಒಪ್ಪಿಸಲು ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಅವಧಿ ಆ ಡಿಸೆಂಬರಿಗೆ ಮುಗಿಯುತ್ತಿತ್ತು. ಪದವಿ ಬಂದರೆ ಕೆಲಸ ಕಾಯಂ ಆಗುತ್ತಿತ್ತು. ಬಾರದಿದ್ದರೆ ತಾತ್ಕಾಲಿಕ ಹುದ್ದೆಯೂ ಹೋಗುತ್ತಿತ್ತು. ಅವಳಿಗೆ ಆಗ ನಲವತ್ತು ದಾಟಿತ್ತು. ಮತ್ತೊಂದು ವಿಷಯ ಹಿಡಿದು ಮೊದಲಿನಿಂದ ಆರಂಭಿಸುವ ವಯಸ್ಸಲ್ಲ.

ನಾವು ಲಕ್ಷ್ಮೀ ನಗರದ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಕೆಳಗಿನ ರಸ್ತೆಯಲ್ಲಿ ಮೆಟ್ರೋದ ಕಂಬಗಳು ಏಳುತ್ತಿದ್ದ ವರ್ಷಗಳವು. ಬೆಳಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು. ನಾನು ಅದಕ್ಕೆ ಮೊದಲು ಬಹಳ ಕಾಲ ಒಂದು ಶಾಲೆಯಲ್ಲಿ ಕನ್ನಡ ಕಲಿಸಿದ್ದೆ. ಕನ್ನಡ ತೆಗೆದುಕೊಳ್ಳುವ ಮಕ್ಕಳು ಕಡಮೆಯಾಗುತ್ತ ಬಂದು, ಕೊನೆಗೆ ಆ ವಿಷಯವನ್ನೇ ನಿಲ್ಲಿಸಿದರು. ಆಮೇಲೆ ಮನೆಯ ಹತ್ತಿರದ ಕೋಚಿಂಗ್ ಸೆಂಟರೊಂದರಲ್ಲಿ, ಐಎಎಸ್ ಪರೀಕ್ಷೆಗೆಂದು ಕರ್ನಾಟಕದಿಂದ ಬಂದು ಕೂತ ಹುಡುಗರಿಗೆ ಕಡ್ಡಾಯ ಕನ್ನಡ ಪತ್ರಿಕೆಯ ಪಾಠ ಹೇಳುತ್ತಿದ್ದೆ. ಕ್ರಿಯಾಪದ ತಪ್ಪಿದ ವಾಕ್ಯವನ್ನು ನಾನು ಇಂದಿಗೂ ಸಹಿಸಲಾರೆ. ತಪ್ಪನ್ನು ತಿದ್ದಬಹುದೆಂಬ ನಂಬಿಕೆಯ ಮೇಲೆ ನನ್ನ ಬದುಕು ನಡೆದಿತ್ತು.

ನಮ್ಮೊಂದಿಗೆ ನನ್ನ ತಾಯಿಯೂ ಇದ್ದಳು. ಅಪ್ಪ ಹೋದ ಮೇಲೆ ಉಡುಪಿಯ ಕಡೆಯಿಂದ ಬಂದವಳು. ಅವಳ ತಮ್ಮ, ಅಂದರೆ ನನ್ನ ಸೋದರಮಾವ, ಫರೀದಾಬಾದಿನಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದ. ಅಮ್ಮ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ, ಅಡುಗೆಯವರ ಸಾಂಬಾರಿನಲ್ಲಿ ಕುಂದು ಹುಡುಕಿ, ಹುಣಸೆಹಣ್ಣು, ತೆಂಗಿನಕಾಯಿಗಳನ್ನು ಚೀಲದಲ್ಲಿ ತುಂಬಿಸಿಕೊಂಡು ಬರುತ್ತಿದ್ದಳು. ಅವಳ ಹಿಂದಿಯನ್ನು ವರ್ಣಿಸುವುದು ಕಷ್ಟ. "ಭಯ್ಯಾ, ಯೇ ಕೊತ್ತಂಬರಿ ಕಿತ್ನಾ ಮಾರಾಯ?" ಎಂದು ಅವಳು ಮೇಲಿನಿಂದ ಕೂಗಿದರೆ ತರಕಾರಿ ಗಾಡಿಯವನು "ಮಾತಾಜಿ, ಆಪ್ ಕೇ ಲಿಯೇ ಫ್ರೀ" ಎಂದು ನಗುತ್ತಿದ್ದ. ನಾನು ತಿದ್ದಲು ಹೋದರೆ, "ಅವನಿಗೆ ಅರ್ಥ ಆಗ್ತದೆ. ನಿನಗೆ ಮಾತ್ರ ಆಗುವುದಿಲ್ಲ" ಎನ್ನುತ್ತಿದ್ದಳು.

ಸೊಸೆಯ ಕೆಲಸದ ಬಗ್ಗೆ ಅಮ್ಮನಿಗೆ ಮೊದಲಿನಿಂದಲೂ ಒಂದು ತಾತ್ಸಾರ. ನೆಂಟರು ಫೋನಿನಲ್ಲಿ ವಿಚಾರಿಸಿದರೆ, "ಅವಳಿಗೆಂತ, ಕಲ್ಲು ಎಣಿಸುವ ಕೆಲಸ. ಒಂದೇ ಕಲ್ಲು. ಆರು ವರ್ಷ ಆಯ್ತು, ಇನ್ನೂ ಎಣಿಸಿ ಮುಗಿಯಲಿಲ್ಲ" ಎಂದು ಸೊಸೆಗೆ ಕೇಳಿಸುವ ಹಾಗೆಯೇ ಹೇಳುವಳು. ಹೆಂಡತಿ ಮೈಸೂರಿನವಳು, ಮಾತಿಗೆ ಮಾತು ಬೆಳೆಸುವವಳಲ್ಲ. ಆದರೆ ಒಳಗೆ ನೊಂದುಕೊಳ್ಳುತ್ತಿದ್ದಳೆಂದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ತನ್ನ ಕೆಲಸವನ್ನು ಕೆಲಸವೆಂದು ಕರೆಯುವವರು ಇಲ್ಲವೆಂಬ ನೋವು ಅದು.

ಒಮ್ಮೆ ಮಾತ್ರ ಅವಳು ಅಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದಳು. ಆ ಮಳೆಗಾಲದಲ್ಲಿ ಕರೆಂಟು ಹೋಗಿ, ಮೂವರೂ ಬಾಲ್ಕನಿಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದ ಒಂದು ಸಂಜೆ.

"ಅತ್ತೆ, ಮಾವನ ಹೋಟೆಲಲ್ಲಿ ಗ್ರೈಂಡರ್ ತಿರುಗ್ತಾ ಇರೋವಾಗ ಕಲ್ಲಿಗೆ ಹಿಟ್ಟು ಮೆತ್ತಿಕೊಂಡ್ರೆ ಏನಾಗುತ್ತೆ?"

"ಜಗ್ಗಿ ಜಗ್ಗಿ ನಿಧಾನ ಆಗ್ತದೆ. ನೀರು ಹಾಕ್ಬೇಕು."

"ಭೂಮೀನೂ ಹಾಗೇ ತಿರುಗ್ತಿದೆ. ಚಂದ್ರ ಸಮುದ್ರದ ನೀರನ್ನ ಎಳೆದು ಎಳೆದು ಅದನ್ನ ಸ್ವಲ್ಪ ಸ್ವಲ್ಪವೇ ನಿಧಾನ ಮಾಡ್ತಾನೆ. ಅಂದ್ರೆ ಹಿಂದೆ ಬೇಗ ತಿರುಗ್ತಿತ್ತು. ದಿನ ಚಿಕ್ಕದಾಗಿತ್ತು. ಸೂರ್ಯನ ಸುತ್ತ ಬರೋಕೆ ಮಾತ್ರ ಆಗಲೂ ಇಷ್ಟೇ ಕಾಲ ಬೇಕಿತ್ತು. ಹಾಗಾಗಿ ಒಂದು ವರ್ಷಕ್ಕೆ ಹೆಚ್ಚು ದಿನ ಹಿಡೀತಿತ್ತು. ಬೇರೆ ಊರಿನ ಕಲ್ಲುಗಳನ್ನ ಎಣಿಸಿದವರು ಸುಮಾರು ನಾನೂರು ಅಂತಾರೆ."

ಅಮ್ಮ ಬೀಸಣಿಗೆ ನಿಲ್ಲಿಸಿದಳು. "ವರ್ಷಕ್ಕೆ ನಾನೂರು ದಿನ ಅಡುಗೆ ಮಾಡ್ಬೇಕಿತ್ತಾ? ದೇವರು ಕಾಪಾಡಿದ ಮಾರಾಯ್ತಿ, ನಾವು ಆಗ ಹುಟ್ಟಲಿಲ್ಲ."

ಹೆಂಡತಿ ಬಾಯಿತುಂಬ ನಕ್ಕಳು. ಆಮೇಲೆ ಹತ್ತಿ ತುಂಬಿದ ಡಬ್ಬಿಯಿಂದ ಆ ಕಲ್ಲನ್ನು ತೆಗೆದು ಅಮ್ಮನ ಅಂಗೈಯಲ್ಲಿಟ್ಟಳು. ತೋರುಬೆರಳಿನಷ್ಟು ಉದ್ದದ, ಕರುವಿನ ಕೊಂಬಿನಂತೆ ತುಸು ಬಾಗಿದ, ಮಣ್ಣುಬಣ್ಣದ ಕಲ್ಲು. ಹವಳದ ಜೀವಿ ಪ್ರತಿದಿನವೂ ಸುಣ್ಣದ ಒಂದು ತೆಳು ಪದರವನ್ನು ಕಟ್ಟುತ್ತದೆ. ಅದೇ ಒಂದು ಗೆರೆ. ಋತು ಬದಲಾದಂತೆ ಮೈ ಉಬ್ಬಿ, ಮತ್ತೆ ಸೊರಗುತ್ತದೆ. ಒಂದು ಸೊರಗಿನಿಂದ ಮುಂದಿನ ಸೊರಗಿನವರೆಗೆ ಒಂದು ವರ್ಷ. ನಡುವಿನ ಗೆರೆಗಳೆಲ್ಲ ಆ ವರ್ಷದ ದಿನಗಳು. ಉಬ್ಬುಗಳು ಬರಿಗಣ್ಣಿಗೆ ಕಾಣುತ್ತವೆ. ದಿನದ ಗೆರೆಗಳು ಕೂದಲಿಗಿಂತ ಸಣ್ಣವು. ಭೂತಗನ್ನಡಿಯಲ್ಲಿ ಇವೆಯೆಂಬುದಷ್ಟೇ ತಿಳಿಯುತ್ತದೆ. ಎಣಿಸಲು ಬೆಳಕನ್ನು ಓರೆಯಾಗಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೆಚ್ಚಿನ ಹವಳಗಳಲ್ಲಿ ಈ ಹೊರಮೈ ಗಾಳಿ ನೀರಿಗೆ ಸವೆದು ಹೋಗಿರುತ್ತದೆ. ಸ್ಪಿತಿ ಕಣಿವೆಯಿಂದ ಅವಳು ತಂದ ಕಲ್ಲುಗಳಲ್ಲಿ ಹೊರಮೈ ಉಳಿದುಕೊಂಡಿದ್ದದ್ದು ಇದೊಂದರಲ್ಲೇ. ಮೆತ್ತನೆಯ ಜೇಡಿಮಣ್ಣಿನಲ್ಲಿ ಹೂತಿದ್ದರಿಂದ ಇದು ಉಳಿಯಿತೆಂದು ಹೇಳುತ್ತಿದ್ದಳು.

ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಕಲ್ಲನ್ನು ಮೂಗಿನ ಹತ್ತಿರ ಹಿಡಿದು, ಬೆರಳಿನಿಂದ ಸವರಿ, "ಹೌದು, ಬಳೆಗಳ ಹಾಗೆ ಉಂಟು. ಇದನ್ನಾ ನೀನು ಎಣಿಸುವುದು?" ಎಂದಳು. ಅವಳ ಬೆರಳಿಗೆ ಸಿಕ್ಕಿದ್ದು ವರ್ಷದ ಉಬ್ಬುಗಳು. ಹೆಂಡತಿ ಬಳೆಗಳ ನಡುವೆ ಇನ್ನೂ ಸಣ್ಣ ಗೆರೆಗಳಿವೆಯೆಂದು ಹೇಳುತ್ತಿದ್ದಂತೆ ಕರೆಂಟು ಬಂತು, ಕುಕ್ಕರಿನ ನೆನಪಾಗಿ ಅಮ್ಮ ಒಳಗೆದ್ದು ಹೋದಳು.

ಆ ವಿದ್ಯೆಯಲ್ಲಿ ಒಂದು ಕಟ್ಟಳೆಯಿದೆ. ಒಬ್ಬರು ಎಣಿಸಿದರೆ ಅದು ಎಣಿಕೆಯಲ್ಲ. ಇನ್ನೊಬ್ಬರು, ಮೊದಲಿನವರ ಉತ್ತರವನ್ನು ಕೇಳದೆ, ಮೂಲ ಕಲ್ಲಿನ ಮೇಲೆಯೇ ಮತ್ತೆ ಎಣಿಸಬೇಕು. ಎರಡೂ ಹತ್ತಿರ ಬಂದರೆ ಮಾತ್ರ ಅದನ್ನು ಬರೆಯಬಹುದು. ಕಂಡ ಗೆರೆಗಿಂತ ಕಾಣಬೇಕೆಂದುಕೊಂಡ ಗೆರೆಯನ್ನು ಕಣ್ಣು ಬೇಗ ಕಾಣುತ್ತದೆಯೆಂಬುದು ಅದಕ್ಕೆ ಕಾರಣ. ತಪ್ಪು ತಿದ್ದುವ ನನಗೆ ಆ ಕಟ್ಟಳೆ ಬಹಳ ಮೆಚ್ಚುಗೆಯಾಗಿತ್ತು. ನಾನೇ ಎಣಿಸಿಕೊಡುತ್ತೇನೆಂದು ಮುಂದೆ ಬಂದಿದ್ದೆ. ಅವಳ ಮಾರ್ಗದರ್ಶಕರು, ಅಲಹಾಬಾದಿನ ಕಡೆಯ ಹಿರಿಯರು, ನಕ್ಕು ಕೈ ಮುಗಿದರಂತೆ: "ಗಂಡನ ಸಾಕ್ಷಿ ಬೇಡ. ನಾನೇ ಎಣಿಸುತ್ತೇನೆ. ದಸರಾ ಮುಗಿಯಲಿ."

ಅವಳು ತನ್ನ ಎಣಿಕೆಯನ್ನು ಸೆಪ್ಟೆಂಬರಿನಲ್ಲಿ ಮುಗಿಸಿದಳು. ಆ ಸಂಜೆ ಪ್ರೀತ್ ವಿಹಾರದವರೆಗೆ ನಡೆದು ಹೋಗಿ ಇಬ್ಬರೂ ಕುಲ್ಫಿ ತಿಂದೆವು. ಉತ್ತರ ಎಷ್ಟು ಬಂತೆಂದು ಕೇಳಿದೆ. "ಅವರು ಎಣಿಸೋವರೆಗೆ ಹೇಳೋ ಹಾಗಿಲ್ಲ" ಎಂದಳು. ಮುಖ ಮಾತ್ರ ಎಲ್ಲವನ್ನೂ ಹೇಳುತ್ತಿತ್ತು.

ಛಾಯಾಚಿತ್ರಗಳಿರಲಿಲ್ಲವೇ ಎಂದು ಓದುವವರು ಕೇಳಬಹುದು. ಇದ್ದವು. ಆದರೆ ಕೊಂಬು ದುಂಡಗಿರುತ್ತದೆ. ಓರೆ ಬೆಳಕಿಗೆ ಒಂದು ಸಲಕ್ಕೆ ಒಂದು ಪಟ್ಟಿಯಷ್ಟೇ ಸಿಗುತ್ತದೆ. ಒಂದು ಕಡೆ ಗೆರೆ ಮುಕ್ಕಾಗಿದ್ದರೆ ಕಲ್ಲನ್ನು ತಿರುಗಿಸಿ ಅದೇ ಗೆರೆಯನ್ನು ಇನ್ನೊಂದು ಕಡೆ ಹಿಡಿದು ಮುಂದುವರಿಯಬೇಕು. ಚಿತ್ರದಲ್ಲಿ ಅದು ಸಾಧ್ಯವಿಲ್ಲ. ರಬ್ಬರಿನ ಅಚ್ಚೊಂದನ್ನು ತೆಗೆಯುವುದೆಂದು ಗೊತ್ತಾಗಿತ್ತು. ಅದೂ ದಸರಾ ರಜೆಯ ನಂತರಕ್ಕೆ.

ದೀಪಾವಳಿಗೆ ಮುಂಚೆ ವಿಭಾಗದ ಗೋಡೆಗಳಿಗೆ ಸುಣ್ಣ ಬಳಿಯುವ ಪದ್ಧತಿ. ಎಲ್ಲರೂ ತಮ್ಮ ತಮ್ಮ ಸಾಮಾನುಗಳನ್ನು ತೆಗೆದುಕೊಂಡು ಹೋಗಬೇಕೆಂದು ಆ ವರ್ಷವೂ ಹೇಳಿದರು. ಕಪಾಟಿನಲ್ಲಿ ಬಿಟ್ಟರೆ ಸುಣ್ಣದ ಹನಿ ಬೀಳಬಹುದು, ಏಣಿ ತಗಲಬಹುದು ಎಂಬ ಹೆದರಿಕೆಯಿಂದ ಅವಳು ಕಲ್ಲನ್ನು ಮನೆಗೆ ತಂದಳು. ಎಲ್ಲಕ್ಕಿಂತ ಸುರಕ್ಷಿತವಾದ ಜಾಗವೆಂದು ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಇಟ್ಟಳು.

ನಮ್ಮ ಕಡೆ ಮಹಾನವಮಿಯಂದು ಆಯುಧಪೂಜೆ. ಯಾರು ಯಾವುದರಿಂದ ಅನ್ನ ದುಡಿಯುತ್ತಾರೋ ಅದನ್ನು ತೊಳೆದು, ಕುಂಕುಮ ಹಚ್ಚಿ, ಹೂವಿಟ್ಟು ಕೈ ಮುಗಿಯುವ ದಿನ. ಸೋದರಮಾವನ ಹೋಟೆಲಿನಲ್ಲಿ ಆ ದಿನ ಗ್ರೈಂಡರು, ದೋಸೆಯ ಕಾವಲಿ, ಸೌಟುಗಳೆಲ್ಲ ಮದುಮಕ್ಕಳಂತೆ ಕಾಣುತ್ತವೆ. ನಮ್ಮ ಮನೆಯಲ್ಲಿ ನನ್ನ ಕೆಂಪು ಶಾಯಿಯ ಪೆನ್ನು, ಸ್ಕೂಟರು, ಅಮ್ಮನ ಈಳಿಗೆಮಣೆ, ಕಾವಲಿ, ಇಷ್ಟಕ್ಕೇ ಪೂಜೆ. ಆ ವರ್ಷ, ಹಬ್ಬದ ಹಿಂದಿನ ದಿನ ಮಧ್ಯಾಹ್ನ, ಅಮ್ಮ ಬೀನ್ಸಿನ ನಾರು ತೆಗೆಯುತ್ತ ಸೊಸೆಯನ್ನು ಕೇಳಿದಳು:

"ನಿನ್ನ ಆಯುಧ ಎಂತದ್ದು?"

ಹೆಂಡತಿಗೆ ಒಂದು ಕ್ಷಣ ಅರ್ಥವಾಗಲಿಲ್ಲ.

"ಅಲ್ಲ ಮಾರಾಯ್ತಿ, ಇವನದ್ದು ಪೆನ್ನು, ನನ್ನದು ಈಳಿಗೆ. ನಿನ್ನದೂ ಒಂದು ಬೇಡವಾ ಪೂಜೆಗೆ? ಇಷ್ಟು ವರ್ಷ ನಾನು ಕೇಳಲೇ ಇಲ್ಲ."

ಹೆಂಡತಿಯ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಹಲಗೆಯ ಕಡೆ ಕೈ ತೋರಿಸಿ, "ಅದೇ ಅತ್ತೆ. ಆ ಕಲ್ಲು. ಮತ್ತೆ ಈ ಭೂತಗನ್ನಡಿ" ಎಂದಳು.

"ಆಯ್ತು. ನಾಳೆ ಅದನ್ನೂ ಇಡುವ."

ಮರುದಿನ ಬೆಳಗ್ಗೆ ನಾವಿಬ್ಬರೂ ಚೆಂಡುಹೂವು, ಬಾಳೆಎಲೆ, ನಿಂಬೆಹಣ್ಣು ತರಲು ಮಾರುಕಟ್ಟೆಗೆ ಹೋದೆವು. ಬಾಳೆಎಲೆ ಸಿಗುವುದು ತಡವಾಯಿತು. ಅವಳು ಬಹಳ ದಿನಗಳ ಮೇಲೆ ಹಗುರವಾಗಿ ಮಾತನಾಡುತ್ತಿದ್ದಳು. ಅತ್ತೆಗೆ ಒಂದು ಮೈಸೂರು ರೇಷ್ಮೆ ಕೊಡಿಸಬೇಕು, ಪದವಿ ಬಂದ ದಿನ ಉಡಿಸಬೇಕು ಎಂದೆಲ್ಲ ಹೇಳಿದಳು. ಮನೆಗೆ ಬಂದಾಗ ಬಾಲ್ಕನಿಯಲ್ಲಿ ಹಳೆಯ ಪತ್ರಿಕೆ ಹಾಸಿ, ತೊಳೆದ ಆಯುಧಗಳನ್ನು ಸಾಲಾಗಿ ಒಣಗಲಿಟ್ಟಿತ್ತು. ಈಳಿಗೆ, ಕಾವಲಿ, ನನ್ನ ಪೆನ್ನಿನ ಮುಚ್ಚಳ, ಭೂತಗನ್ನಡಿ. ಕೊನೆಯಲ್ಲಿ ಆ ಕಲ್ಲು. ಮಣ್ಣುಬಣ್ಣವೆಲ್ಲ ಹೋಗಿ ಹಾಲುಹಲ್ಲಿನಂತೆ ಬೆಳ್ಳಗಿತ್ತು.

ಪಕ್ಕದ ಪಾತ್ರೆಯಲ್ಲಿ ಹುಣಸೆಹುಳಿ, ಉಪ್ಪು, ತೆಂಗಿನ ನಾರಿನ ಉಂಡೆ. ಹಿತ್ತಾಳೆಯ ದೀಪವನ್ನು ಅಮ್ಮ ಹೇಗೆ ಬೆಳಗುತ್ತಿದ್ದಳೋ ಹಾಗೆಯೇ ಅದನ್ನೂ ಬೆಳಗಿದ್ದಳು.

"ಎಂತ ಕೊಳೆ ಮಾರಾಯ್ತಿ!" ಎಂದಳು ಅಮ್ಮ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ಇಷ್ಟು ವರ್ಷ ಒಬ್ಬರೂ ತೊಳೆಯಲಿಲ್ಲವಾ? ಬೆಳಿಗ್ಗೆ ಹುಳಿಯಲ್ಲಿ ಹಾಕಿದ ಕೂಡಲೇ ಸಣ್ಣಗೆ ನೊರೆ ಬಂತು. ಆಮೇಲೆ ತಿಕ್ಕಿದೆ ನೋಡು, ಮೈಮೇಲಿನ ಕರೆ ಪೂರ್ತಿ ಬಿಟ್ಟಿತು. ಈಗ ನಿನ್ನ ಬಳೆಗಳು ಎಷ್ಟು ಚಂದ ಕಾಣ್ತವೆ! ನಿನಗೆ ಎಣಿಸ್ಲಿಕ್ಕೆ ಸುಲಭ ಆಗ್ಲಿ ಅಂತಲೇ."

ಹುಳಿಗೆ ಸುಣ್ಣ ಕರಗುತ್ತದೆ. ನೊರೆ ಬಂದದ್ದು ಅದಕ್ಕೇ.

ಹೆಂಡತಿ ಹೂವಿನ ಚೀಲವನ್ನು ಕೆಳಗಿಟ್ಟಳು. ಕಲ್ಲನ್ನು ಎತ್ತಿಕೊಂಡು ಬೆಳಕಿಗೆ ಓರೆಯಾಗಿ ಹಿಡಿದಳು, ಅವಳಿಗೆ ಅಭ್ಯಾಸವಾಗಿದ್ದ ಹಾಗೆ. ತುಸು ತಿರುಗಿಸಿದಳು. ಮತ್ತೆ ತಿರುಗಿಸಿದಳು. ಕೆಳಗೆ ಮೆಟ್ರೋದ ಯಂತ್ರ ನೆಲ ಕೊರೆಯುತ್ತಿತ್ತು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಅವಳು ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಳು.

"ತುಂಬಾ ಚೆನ್ನಾಗಿ ಹೊಳೀತಿದೆ, ಅತ್ತೆ" ಎಂದಳು.

ಪೂಜೆಯಲ್ಲಿ ಅಮ್ಮ ಆ ಕಲ್ಲಿಗೇ ಮೊದಲ ಕುಂಕುಮ ಹಚ್ಚಿದಳು. ಹೆಂಡತಿ ಕೈ ಮುಗಿದಳು, ಕೋಸಂಬರಿ ಬಡಿಸಿದಳು, ಪಾಯಸ ತಿಂದಳು. ಅಮ್ಮ ಮಧ್ಯಾಹ್ನ ಮಲಗಿದ ಮೇಲೆ ಭೂತಗನ್ನಡಿ ಹಿಡಿದು ಕಿಟಕಿಯ ಹತ್ತಿರ ಕೂತು ಕಲ್ಲಿನ ಉದ್ದಕ್ಕೂ ನೋಡಿದಳು. ನಾನು ಎದುರಿಗೆ ಕೂತಿದ್ದೆ. ಬಹಳ ಹೊತ್ತಿನ ಮೇಲೆ, "ತುದಿಯಲ್ಲಿ, ಮಡಿಕೆಯೊಳಗೆ ಒಂದಿಷ್ಟು ಉಳಿದಿವೆ. ಒಂದೆರಡು ವಾರದಷ್ಟು" ಎಂದಳು. ವರ್ಷ ಪೂರ್ತಿ ಹೋಗಿತ್ತು.

"ಅಮ್ಮನಿಗೆ ಹೇಳುತ್ತೇನೆ. ಏನು ಮಾಡಿದಳೆಂದು ಅವಳಿಗೆ ತಿಳಿಯಬೇಕು" ಎಂದೆ.

"ಹೇಳಿದ್ರೆ? ಗೆರೆ ವಾಪಸ್ ಬರುತ್ತಾ?"

ತಪ್ಪು ಮಾಡಿದವರಿಗೆ ತಪ್ಪನ್ನು ತೋರಿಸಲೇಬೇಕೆಂದು ಜೀವಮಾನವಿಡೀ ನಂಬಿದವನು ನಾನು.

"ಈ ಮನೇಲಿ ನನ್ನ ಕೆಲಸಕ್ಕೆ ಮೊದಲನೇ ಸಲ ಮರ್ಯಾದೆ ಸಿಕ್ತು ಇವತ್ತು" ಎಂದಳು. ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ನನಗೆ ಈಗಲೂ ತಿಳಿಯದು. "ನೀವು ಬಾಯಿ ಬಿಡಬೇಡಿ. ಅಷ್ಟೇ."

ರಜೆ ಮುಗಿದ ಮೇಲೆ ಮಾರ್ಗದರ್ಶಕರ ಬಳಿಗೆ ಅವಳೊಂದಿಗೆ ನಾನೂ ಹೋದೆ. ಹೊಸ ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಅವಳು ನಡೆದದ್ದನ್ನು ಹೇಳಿದಳು. ಅವರು ಕಲ್ಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ತಲೆಯೆತ್ತಿ, "ಅಚ್ಛಾ... ಇಮ್ಲಿ?" ಎಂದು, ಹುಣಸೆಹಣ್ಣೇ ಎಂದು ನಂಬಲಾರದವರಂತೆ ಕೇಳಿದರು. ತುಟಿಯಂಚಿನಲ್ಲಿ ಬಂದ ನಗುವನ್ನು ಅವಳ ಮುಖ ನೋಡಿ ನುಂಗಿಕೊಂಡರು. ಕೆಟ್ಟವರಲ್ಲ. ಚಹಾ ತರಿಸಿದರು. "ನಿಮ್ಮ ಎಣಿಕೆಯನ್ನು ನಾನು ನಂಬುತ್ತೇನೆ, ಮೇಡಂ. ಆದರೆ ನಂಬಿಕೆಯನ್ನು ಎರಡನೆಯ ಎಣಿಕೆಯೆಂದು ಸಹಿ ಹಾಕಲಾರೆ" ಎಂದರು.

ಅವಳು ತಲೆಯಾಡಿಸಿದಳು. ಅವರ ಸ್ಥಾನದಲ್ಲಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆನೆಂದು ಬಸ್ಸಿನಲ್ಲಿ ನನಗೆ ಹೇಳಿದಳು. ಮತ್ತೊಂದು ಕಲ್ಲಿಗಾಗಿ ಸ್ಪಿತಿಗೆ ಹೋಗುವ ಮಾತು ಬಂತು. ಆದರೆ ಅಷ್ಟರಲ್ಲಿ ಹಿಮ ಬಿದ್ದು ಘಟ್ಟದ ದಾರಿ ಮುಚ್ಚುವ ಕಾಲವಾಗಿತ್ತು. ಮತ್ತೆ ತೆರೆಯುವುದು ಬೇಸಗೆಗೆ. ಅವಧಿ ವಿಸ್ತರಿಸಬೇಕೆಂದು ನಾನೇ ಕೂತು ಒಂದು ಮನವಿ ಬರೆದುಕೊಟ್ಟೆ. ಒಂದು ಅಕ್ಷರವೂ ತಪ್ಪಿಲ್ಲದ ಮನವಿ. ಈ ಹಿಂದೆಯೇ ಅಂತಿಮ ವಿಸ್ತರಣೆ ಕೊಡಲಾಗಿದೆಯೆಂಬ ಒಂದು ಸಾಲಿನ ಉತ್ತರ ಬಂತು.

ಡಿಸೆಂಬರ್ ಕಳೆಯಿತು. ದಟ್ಟ ಮಂಜಿನಲ್ಲಿ ಎದುರು ಮನೆಯ ಗೋಡೆಯೂ ಕಾಣದ ಬೆಳಗುಗಳಲ್ಲಿ ಅವಳು ಎದ್ದು, ಸ್ನಾನ ಮಾಡಿ, ಹೋಗಬೇಕಾದ ಜಾಗವಿಲ್ಲದೆ ಕುರ್ಚಿಯಲ್ಲಿ ಕೂರುತ್ತಿದ್ದಳು. ಹುದ್ದೆ ಇನ್ನೊಬ್ಬರಿಗೆ ಹೋಯಿತು. ಬೇಸಗೆಯಲ್ಲಿ ಸ್ಪಿತಿಯ ದಾರಿ ತೆರೆದಾಗ ಪತ್ರಿಕೆಯಲ್ಲಿ ಸುದ್ದಿ ನೋಡಿ ಅವಳ ಮುಂದಿಟ್ಟೆ. ಅವಳು ಅದರ ಮೇಲೆ ಮೆಂತ್ಯ ಸೊಪ್ಪು ಸೋಸಿದಳು. ಆಮೇಲೆ ನಮ್ಮ ಕೋಚಿಂಗ್ ಸೆಂಟರಿನಲ್ಲಿಯೇ ಭೂಗೋಳ ಕಲಿಸಲು ಸೇರಿದಳು. ಪಕ್ಕದ ಕೋಣೆಯಲ್ಲಿ ನಾನು ಪಾಠ ಮಾಡುತ್ತಿರುವಾಗ ಅವಳ ದನಿ ಕೇಳಿಸುತ್ತಿತ್ತು: ಭೂಮಿ ತನ್ನ ಸುತ್ತ ಒಂದು ಸಲ ತಿರುಗಲು ಇಪ್ಪತ್ತನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ, ಬರೆದುಕೊಳ್ಳಿ. ಅದಕ್ಕೆ ಮುಂದೆ ಒಂದು ಮಾತನ್ನೂ ಸೇರಿಸುತ್ತಿರಲಿಲ್ಲ.

ಅವಳ ಎಣಿಕೆ ಎಷ್ಟಕ್ಕೆ ನಿಂತಿತ್ತೆಂದು ನಾನು ಒಮ್ಮೆ ಕೇಳಿದೆ. ಈಗ ಹೇಳುವುದಕ್ಕೇನು ಅಡ್ಡಿ ಎಂದೆ. "ಒಬ್ಬಳು ಎಣಿಸಿದ್ದಕ್ಕೆ ಬೆಲೆ ಇಲ್ಲ" ಎಂದು ದೀಪ ಆರಿಸಿದಳು.

ಅಮ್ಮನಿಗೆ ಮಾತ್ರ ಆ ವರ್ಷದಿಂದ ಸೊಸೆಯ ಮೇಲೆ ಅಕ್ಕರೆ ಹೆಚ್ಚಿತು. ಫರೀದಾಬಾದಿನ ಹೋಟೆಲಿನಲ್ಲಿ ಎಲ್ಲರ ಮುಂದೆ ಹೇಳಿಕೊಳ್ಳುವಳು: "ಇವಳದ್ದು ಎಂಥಾ ಕಲ್ಲು ಗೊತ್ತುಂಟಾ? ಸೂರ್ಯ ಚಂದ್ರರ ಲೆಕ್ಕ ಉಂಟು ಅದರಲ್ಲಿ. ನಾನೇ ತೊಳೆದು ಕೊಟ್ಟದ್ದು." ಹೆಂಡತಿ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಕಾಲೇಜು ಯಾಕೆ ಬಿಟ್ಟೆ ಎಂದು ಅಮ್ಮ ಕೇಳಿದಾಗ, ಓಡಾಟ ಜಾಸ್ತಿಯಾಗಿತ್ತು ಎಂದಷ್ಟೇ ಹೇಳಿದಳು.

ಅಲ್ಲಿಂದ ಮೂರನೆಯ ಮಹಾನವಮಿಯ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದಿದ್ದಳು. ಸೊಂಟದ ಮೂಳೆ ಮುರಿದು, ಕೂಡಿಕೊಳ್ಳದೆ, ಹಜಾರದ ಮಂಚದ ಮೇಲೆಯೇ ಅವಳ ಸಂಸಾರ. ಕೆಳಗಿನ ಕಂಬಗಳ ಮೇಲೆ ಹಳಿ ಹಾಸಿಯಾಗಿತ್ತು. ಆಯುಧಪೂಜೆಯನ್ನು ಈ ಸಲ ಚಿಕ್ಕದಾಗಿ ಮಾಡಿದರಾಯಿತೆಂದು ನಾನು ಅಂದುಕೊಂಡಿದ್ದೆ. ಬೆಳಗ್ಗೆ ಅಮ್ಮ ಮಂಚದಿಂದಲೇ ಕರೆದಳು:

"ನನ್ನ ಕೈಯಲ್ಲಿ ಈ ವರ್ಷ ಆಗುವುದಿಲ್ಲ. ನೀನೇ ತೊಳಿ ಮಗಾ. ಇಲ್ಲಿ ನನ್ನ ಎದುರಿಗೆ ಕೂತು ತೊಳಿ. ಹುಣಸೆ ಡಬ್ಬಿಯಲ್ಲಿ ಉಂಟು."

ಸೊಸೆಯನ್ನು ಅವಳು "ಮಗಾ" ಎಂದು ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹೆಂಡತಿ ಹುಣಸೆಹಣ್ಣು ನೆನೆಸಿ, ಹಿಂಡಿ, ಉಪ್ಪು ಬೆರೆಸಿ, ತೆಂಗಿನ ನಾರನ್ನು ಹಿಡಿದು ಮಂಚದ ಪಕ್ಕ ನೆಲದ ಮೇಲೆ ಕೂತಳು. ಈಳಿಗೆಯನ್ನು ತೊಳೆದಳು. ಕಾವಲಿಯನ್ನು ತೊಳೆದಳು. ಕಲ್ಲನ್ನು ಕೈಗೆ ತೆಗೆದುಕೊಂಡು ಸುಮ್ಮನೆ ನೀರಿನಲ್ಲಿ ಅದ್ದಿ ತೆಗೆದಳು.

ಅಮ್ಮ ಕೈ ಚಾಚಿ ಇಸಿದುಕೊಂಡು, ಹೆಬ್ಬೆರಳಿನಿಂದ ಸವರಿ ನೋಡಿದಳು. ಕಣ್ಣು ಹೋದರೂ ಬೆರಳು ಚುರುಕಾಗಿತ್ತು. "ಹೀಗಾ ತೊಳೆಯುವುದು? ಇಲ್ಲಿ ತುದಿಯಲ್ಲಿ, ಮಡಿಕೆಯಲ್ಲಿ ತರಿತರಿ ಉಂಟು ನೋಡು. ಆಗ ನನ್ನ ಕೈಗೆ ಸಿಕ್ಕಲಿಲ್ಲ ಅದು. ಹುಳಿ ಹಾಕಿ ಚೆನ್ನಾಗಿ ತಿಕ್ಕು."

"ಅಲ್ಲಿ ಬೇಡಮ್ಮ, ಅದು ಹಾಗೇ ಇರಲಿ" ಎಂದೆ ನಾನು. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

"ನಿನ್ನದೊಂದು! ಪೆನ್ನು ತೊಳೆದುಕೋ ಹೋಗು. ಇದು ನಮ್ಮಿಬ್ಬರ ವಿಷಯ."

ಹೆಂಡತಿ ನನ್ನ ಕಡೆ ನೋಡಲಿಲ್ಲ. ಕಲ್ಲನ್ನು ವಾಪಸು ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಓರೆಯಾಗಿ ಒಂದು ಸಲ ಹಿಡಿದಳು. ಬಾಲ್ಕನಿಯ ಆ ಹಬ್ಬದ ಬೆಳಗಿನ ನಂತರ ಅವಳು ಹಾಗೆ ಹಿಡಿದದ್ದನ್ನು ನಾನು ನೋಡಿರಲಿಲ್ಲ. ತುಟಿಗಳು ಒಂದಿಷ್ಟು ಹೊತ್ತು ಅಲುಗಿದವು. ಬರಿಗಣ್ಣಿಗೆ ಕಾಣವೆಂದು ಗೊತ್ತಿದ್ದರೂ, ಉಳಿದಷ್ಟನ್ನು ಎಣಿಸುತ್ತಿದ್ದಳೆಂದು ನನಗೆ ಅನ್ನಿಸಿತು. ಆಮೇಲೆ ತುದಿಯನ್ನು ಹುಳಿಯಲ್ಲಿ ಮುಳುಗಿಸಿದಳು.

"ನೊರೆ ಬಂತಾ?" ಎಂದು ಅಮ್ಮ ಕೇಳಿದಳು.

"ಬಂತು, ಅತ್ತೆ" ಎಂದು ಅವಳು ನಾರನ್ನು ಎತ್ತಿಕೊಂಡಳು.